ಡಾಕ್ಟರ್ ಮುಂದೆ ನಾನು ಹೇಳಿದ ಸುಳ್ಳು

ನಮ್ಮೂರು ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಸಣ್ಣ ಹಳ್ಳಿ. ಶೇಂಗಾ ಹೊಲ, ಜಾಲಿ ಮುಳ್ಳು, ಕುರಿ ಮಂದೆ, ಬಿಸಿಲು. ಇಷ್ಟು ಹೇಳಿದರೆ ಊರಿನ ವರ್ಣನೆ ಮುಗಿಯಿತು. ಇಲ್ಲಿ ಮಳೆ ಕೈಕೊಟ್ಟರೂ ತಿಪ್ಪೆಯ ಪಕ್ಕ, ಹಾಳು ಗೋಡೆಯ ಬುಡದಲ್ಲಿ ಹಸಿರಾಗಿ ನಿಲ್ಲುವ ಒಂದು ಗಿಡವಿದೆ. ಉದ್ದನೆಯ ಕೊಳವೆಯಂಥ ಬಿಳಿ ಹೂ, ಮೈಯೆಲ್ಲ ಮುಳ್ಳಿರುವ ಗುಂಡನೆಯ ಕಾಯಿ. ನಮ್ಮ ಕಡೆ ಅದನ್ನು ಉಮ್ಮತ್ತಿ ಅನ್ನುತ್ತಾರೆ. ದತ್ತೂರಿ, ಮದಗುಣಿಕೆ ಅಂದರೂ ಅದೇ. ಶಿವರಾತ್ರಿಯ ದಿನ ಎಕ್ಕದ ಹೂವಿನ ಜೊತೆ ಇದನ್ನೂ ಈಶ್ವರನ ಗುಡಿಗೆ ಒಯ್ಯುತ್ತೇವೆ. ಚಿಕ್ಕಂದಿನಲ್ಲಿ ಹೂ ಕೀಳಲು ನನ್ನನ್ನೇ ಕಳಿಸುತ್ತಿದ್ದ ಅಜ್ಜಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: ‘ಅದನ್ನ ಮುಟ್ಟಿದ ಕೈ ಕಣ್ಣಿಗೆ ಇಡಬ್ಯಾಡ, ಬಾಯಿಗೆ ಇಡಬ್ಯಾಡ. ಬಂದ ಕೂಡ್ಲೆ ಬೂದಿ ಹಚ್ಚಿ ಕೈ ತೊಳಿ.’

ಆ ಮಾತಿನ ಬೆಲೆ ನನಗೆ ತಿಳಿದಿದ್ದು ಹೋದ ಶಿವರಾತ್ರಿಯ ರಾತ್ರಿ. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ನನ್ನ ಗೆಳೆಯನನ್ನೇ ಕೇಳಿದೆ. ‘ಹೆಸರು ಹಾಕಬೇಡ, ಉಳಿದಿದ್ದೆಲ್ಲ ಬರಿ’ ಅಂದ. ಅದಕ್ಕೇ ಬರೆಯುತ್ತಿದ್ದೇನೆ.

ಅವನು ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಕೆಲವು ತಿಂಗಳು ಒಂದು ಕಂಪನಿಯಲ್ಲಿ ದುಡಿದ. ರೂಮಿನ ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂತ ವಾಪಸ್ ಬಂದು ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೆ ಓದುತ್ತಿದ್ದ. ಶಿವರಾತ್ರಿ ವಾರದ ನಡುವೆ ಬಂದಿತ್ತು, ಅದೇ ಭಾನುವಾರ ಅವನಿಗೆ ಪರೀಕ್ಷೆ. ನಾನು ಬಿ.ಇ. ಸಿವಿಲ್ ಓದುತ್ತಿರುವವನು, ರಜೆಗೆ ಊರಿಗೆ ಬಂದಿದ್ದೆ. ಜಾಗರಣೆಗೆ ಗುಡಿಯ ಹಿಂದಿನ ಬಂಡೆಯ ಮೇಲೆ ಮೂವರು ಕೂತಿದ್ದೆವು. ಮೂರನೆಯವನು ಮೊಬೈಲ್‌ನಲ್ಲಿ ಒಂದು ರೀಲ್ ತೋರಿಸಿದ. ಯಾರೋ ಜಟೆ ಬಿಟ್ಟವರು ಉಮ್ಮತ್ತಿ ಕಾಯಿ ಹಿಡಿದು, ಇದು ಶಿವನಿಗೆ ಪ್ರಿಯವಾದದ್ದು, ಇದರಿಂದ ‘ಮೂರನೇ ಕಣ್ಣು’ ತೆರೆಯುತ್ತದೆ ಅಂತ ಹೇಳುತ್ತಿದ್ದರು. ‘ಕೆಮಿಕಲ್ ಏನೂ ಇಲ್ಲ ಕಣಲೇ, ಎಲ್ಲ ನ್ಯಾಚುರಲ್’ ಅಂತ ಅವನು ಅಲ್ಲೇ ಇದ್ದ ಗಿಡದಿಂದ ಒಣಗಿದ ಕಾಯಿ ಕಿತ್ತ. ಬೀಜ ಬಾಯಿಗೆ ಹಾಕಿಕೊಂಡವನು ಕಹಿಗೆ ಉಗುಳಿಬಿಟ್ಟ. ನನ್ನ ಗೆಳೆಯ ನುಂಗಿದ.

ನಾನು ತಿನ್ನಲಿಲ್ಲ. ಅದು ನನ್ನ ಒಳ್ಳೆಯತನವೇನೂ ಅಲ್ಲ, ಅಜ್ಜಿಯ ಮಾತಿನ ಹೆದರಿಕೆ. ಆದರೆ ಅವನನ್ನು ತಡೆಯಲೂ ಇಲ್ಲ. ಬೇಡ ಅಂದರೆ ‘ಪುಕ್ಕಲ’ ಅಂದಾರು ಅನ್ನಿಸಿತು. ಇಪ್ಪತ್ತರ ವಯಸ್ಸಿನಲ್ಲಿ ನಾವು ಎಷ್ಟೋ ತಪ್ಪುಗಳನ್ನು ಮಾಡುವುದು ಈ ಒಂದು ಪದಕ್ಕೆ ಹೆದರಿ.

ಅರ್ಧ ಗಂಟೆ ಏನೂ ಆಗಲಿಲ್ಲ. ‘ಏನೂ ಇಲ್ಲವಲ್ಲೋ’ ಅಂತ ಇನ್ನಷ್ಟು ತಿಂದ. ಆಮೇಲೆ ಬಾಯಿ ಒಣಗುತ್ತಿದೆ, ನೀರು ಅಂದ. ಕುಡಿದ ನೀರು ಗಂಟಲಲ್ಲಿ ಇಳಿಯಲಿಲ್ಲ. ಮುಖ ಕೆಂಪಾಯಿತು, ಮೈ ಕಾದ ಹೆಂಚಿನಂತೆ ಬಿಸಿ, ಆದರೆ ಒಂದು ಹನಿ ಬೆವರಿಲ್ಲ. ಮೊಬೈಲ್ ಕೆಳಗೆ ಬಿದ್ದಿತ್ತು. ಅವನು ಖಾಲಿ ಕೈಯನ್ನು ಕಿವಿಗಿಟ್ಟುಕೊಂಡು ಯಾರ ಜೊತೆಯೋ ಮಾತಾಡುತ್ತಿದ್ದ. ಆಮೇಲೆ ತೀರಿಕೊಂಡು ನಾಲ್ಕು ವರ್ಷವಾಗಿದ್ದ ಅವನ ಅಜ್ಜನ ಜೊತೆ ಮಾತು. ಗಾಳಿಯಲ್ಲಿ ಏನನ್ನೋ ಆರಿಸುವಂತೆ ಬೆರಳಾಡಿಸುತ್ತಿದ್ದ. ನನ್ನನ್ನು ಕಂಡು ಯಾರು ಅಂತ ಕೇಳಿದ. ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವನು!

ಗುಡಿಯಲ್ಲಿದ್ದ ಹಿರಿಯರು ‘ಗಾಳಿ ಸೋಕಿದೆ’ ಅಂತ ವಿಭೂತಿ ಹಚ್ಚಿದರು, ಬೇವಿನ ಸೊಪ್ಪು ತಂದರು. ನಿಜ ಗೊತ್ತಿದ್ದ ನಾವಿಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಅವರಪ್ಪ ಗಾಡಿ ಮಾಡಿಸಿ ಆಸ್ಪತ್ರೆಗೆ ಕರೆದೊಯ್ದರು. ನಾನೂ ಹೋದೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ‘ಏನಾದರೂ ತಿಂದಿದ್ದನಾ?’ ಪಕ್ಕದಲ್ಲಿ ಅವರಪ್ಪ ನಿಂತಿದ್ದರು. ಪೊಲೀಸ್ ಕೇಸ್ ಆದರೆ? ಅವನ ನೌಕರಿ? ನನ್ನ ಕಾಲೇಜು? ಎಲ್ಲ ಒಂದೇ ಸಲ ತಲೆಗೆ ಬಂತು. ‘ಏನೂ ಇಲ್ಲ ಸರ್, ಬೆಳಿಗ್ಗೆಯಿಂದ ಜ್ವರ ಇತ್ತು’ ಅಂದುಬಿಟ್ಟೆ.

ಆ ಸುಳ್ಳು ಸುಮಾರು ಮುಕ್ಕಾಲು ಗಂಟೆ ಬದುಕಿತು. ಅಷ್ಟು ಹೊತ್ತು ಡಾಕ್ಟರ್ ಮೆದುಳು ಜ್ವರ ಇರಬಹುದೆಂದುಕೊಂಡು ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡಿನಲ್ಲಿದ್ದರು. ಅದನ್ನು ಮುರಿದಿದ್ದು ವಯಸ್ಸಾದ ಒಬ್ಬ ನರ್ಸ್. ಅವನ ಕಣ್ಣಿಗೆ ಟಾರ್ಚ್ ಹಾಕಿ ನೋಡಿ, ನನ್ನನ್ನು ವರಾಂಡಕ್ಕೆ ಕರೆದು ಕೇಳಿದರು: ‘ತಮ್ಮಾ, ಬೈಯೋದಿಲ್ಲ. ಉಮ್ಮತ್ತಿ ಬೀಜ ಏನಾರ ತಿಂದನಾ?’ ನನಗೆ ಅಳು ಬಂತು. ಹೌದು ಅಂದೆ. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಮೈಗೆ ಒದ್ದೆ ಬಟ್ಟೆ, ಡ್ರಿಪ್, ಕಟ್ಟಿಕೊಂಡಿದ್ದ ಮೂತ್ರಕ್ಕೆ ನಳಿಕೆ, ನಿದ್ದೆಗೆ ಇಂಜೆಕ್ಷನ್, ಎದೆಬಡಿತದ ಮೇಲೆ ರಾತ್ರಿಯಿಡೀ ಕಣ್ಣು. ಎರಡು ದಿನದ ಮೇಲೆ ಅವನು ಮನೆಗೆ ಬಂದ. ಬದುಕಿದ.

ಹೆಸರಿನಲ್ಲೇ ಇರುವ ಎಚ್ಚರಿಕೆ

ಆ ರಾತ್ರಿ ಅವನ ಮೈಯಲ್ಲಿ ಏನು ನಡೆಯಿತು ಅನ್ನುವುದನ್ನು ಆಮೇಲೆ ಓದಿ ತಿಳಿದುಕೊಂಡೆ. ಉಮ್ಮತ್ತಿಯ ಬೇರು, ಎಲೆ, ಹೂ, ಬೀಜ ಎಲ್ಲದರಲ್ಲೂ ಅಟ್ರೋಪಿನ್, ಸ್ಕೋಪೊಲಮಿನ್, ಹಯೊಸಯಮಿನ್ ಎಂಬ ರಾಸಾಯನಿಕಗಳಿವೆ. ನಮ್ಮ ನರಗಳು ಅಂಗಾಂಗಗಳಿಗೆ ಸಂದೇಶ ಕಳಿಸುವುದು ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಮೂಲಕ. ಜೊಲ್ಲು ಸುರಿಸು, ಬೆವರು, ಕರುಳು ಅಲ್ಲಾಡಿಸು, ಮೂತ್ರ ಹೊರಹಾಕು, ಹೃದಯವನ್ನು ನಿಧಾನ ಮಾಡು, ಕಣ್ಣಿನ ಪಾಪೆ ಕುಗ್ಗಿಸು ಅನ್ನುವ ಆಜ್ಞೆಗಳೆಲ್ಲ ಇದರ ಕೈಯಲ್ಲೇ. ಉಮ್ಮತ್ತಿಯ ವಿಷ ಆ ಬೀಗದೊಳಗೆ ತಪ್ಪು ಕೀಲಿಯಂತೆ ಕೂತುಬಿಡುತ್ತದೆ. ಬೀಗ ತೆರೆಯುವುದೂ ಇಲ್ಲ, ಸರಿಯಾದ ಕೀಲಿಗೆ ಜಾಗವೂ ಇಲ್ಲ. ಅದಕ್ಕೇ ಬಾಯಿ ಒಣಗುತ್ತದೆ, ಪಾಪೆ ದೊಡ್ಡದಾಗುತ್ತದೆ, ಮೂತ್ರ ಕಟ್ಟುತ್ತದೆ, ಎದೆ ಓಡುತ್ತದೆ. ಬೆವರು ನಿಂತರೆ ಮೈ ತಣ್ಣಗಾಗುವ ದಾರಿಯೇ ಮುಚ್ಚಿದಂತೆ. ಬೇಸಿಗೆಯಲ್ಲಿ 40 ಡಿಗ್ರಿ ಆಸುಪಾಸಿಗೆ ಹೋಗುವ ನಮ್ಮ ಬಯಲುಸೀಮೆಯಲ್ಲಿ ಇದೊಂದೇ ಸಾಕು ಜೀವ ತೆಗೆಯಲು.

ಅದು ಮೆದುಳಿಗೆ ಏರಿದಾಗ ಆಗುವುದನ್ನು ‘ಅನುಭವ’ ಅಂತ ಕರೆಯುವುದೇ ತಪ್ಪು. ಬಣ್ಣ ಬಣ್ಣವಾಗಿ ಕಾಣುವ ಮತ್ತಿನಲ್ಲಿ ಎಷ್ಟೋ ಸಲ ಮನುಷ್ಯನಿಗೆ ತಾನು ಮತ್ತಿನಲ್ಲಿದ್ದೇನೆ ಅನ್ನುವ ಅರಿವಿರುತ್ತದೆ. ಉಮ್ಮತ್ತಿಯಲ್ಲಿ ಆ ಅರಿವೇ ಹೋಗುತ್ತದೆ. ವೈದ್ಯರು ಇದನ್ನು ಸನ್ನಿ ಅನ್ನುತ್ತಾರೆ. ಇಲ್ಲದ ಅಜ್ಜ ಇದ್ದಾನೆ ಅಂತಲೇ ನಂಬುತ್ತಾನೆ, ಬಾವಿಯನ್ನು ಬಾಗಿಲು ಅಂದುಕೊಂಡು ನಡೆದೂ ಬಿಡಬಹುದು. ಮರುದಿನ ಬಹುಪಾಲು ನೆನಪೂ ಇರುವುದಿಲ್ಲ. ನನ್ನ ಗೆಳೆಯನಿಗೆ ಅಜ್ಜನ ಜೊತೆ ಮಾತಾಡಿದ್ದು ನೆನಪಿಲ್ಲ. ‘ಮೂರನೇ ಕಣ್ಣು ತೆರೆಯಿತಾ?’ ಅಂತ ಕೇಳಿದೆ. ‘ಇದ್ದ ಎರಡೂ ಹೋಗಿದ್ವಲ್ಲೋ’ ಅಂದ.

ಅದು ತಮಾಷೆಯ ಮಾತಾಗಿರಲಿಲ್ಲ. ಹತ್ತಿರದ ವಸ್ತು ನೋಡಲು ಕಣ್ಣಿನ ಮಸೂರ ಹೊಂದಿಕೊಳ್ಳಬೇಕು. ಆ ಶಕ್ತಿಯನ್ನು ಈ ವಿಷ ಕೆಲವು ದಿನಗಳವರೆಗೆ ಕಟ್ಟಿಹಾಕುತ್ತದೆ. ಭಾನುವಾರ ಅವನು ಹಟ ಮಾಡಿ ಪರೀಕ್ಷೆಗೆ ಹೋದ. ಪ್ರಶ್ನೆಪತ್ರಿಕೆಯ ಅಕ್ಷರಗಳು ಇರುವೆ ಸಾಲಿನ ಹಾಗೆ ಕಂಡವಂತೆ. ಓಎಂಆರ್ ಹಾಳೆಯ ಸುತ್ತುಗಳು ಒಂದರ ಮೇಲೊಂದು ಬಿದ್ದವಂತೆ. ಎರಡು ವರ್ಷದ ಓದು, ಬೆಳಗಿನ ಜಾವದ ದೀಪ, ಅಪ್ಪ ಸಾಲ ತಂದು ಕಟ್ಟಿದ ಕೋಚಿಂಗ್ ಫೀಸು ಎಲ್ಲ ಒಂದು ಹಿಡಿ ಬೀಜಕ್ಕೆ ಹೋಯಿತು. ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಈ ನಷ್ಟದ ಅಳತೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಉಮ್ಮತ್ತಿ ಎಂಬ ಹೆಸರು ‘ಉನ್ಮತ್ತ’ ಎಂಬ ಸಂಸ್ಕೃತ ಪದದಿಂದ ಬಂದದ್ದು. ಹುಚ್ಚು ಹಿಡಿದವನು ಅಂತ ಅರ್ಥ. ಹಿರಿಯರು ಗಿಡಕ್ಕೆ ಹೆಸರಿಡುವಾಗಲೇ ಎಚ್ಚರಿಕೆಯ ಬೋರ್ಡ್ ತೂಗುಹಾಕಿದ್ದಾರೆ. ನಾವು ಓದಲಿಲ್ಲ ಅಷ್ಟೆ.

‘ನ್ಯಾಚುರಲ್’ ಎಂಬ ಸರ್ಟಿಫಿಕೇಟ್

ಗಿಡದಿಂದ ಬಂದದ್ದು ಸುರಕ್ಷಿತ, ಫ್ಯಾಕ್ಟರಿಯಿಂದ ಬಂದದ್ದು ವಿಷ ಎಂಬ ನಂಬಿಕೆ ನಮ್ಮ ಪೀಳಿಗೆಯಲ್ಲಿ ಬಲವಾಗಿದೆ. ನಾನು ಸಿವಿಲ್ ವಿದ್ಯಾರ್ಥಿ. ಸಿಮೆಂಟ್ ಚೀಲದ ಮೇಲೆ 43 ಅಥವಾ 53 ಗ್ರೇಡ್ ಅಂತ ಬರೆದಿರುತ್ತದೆ. ಕಾಂಕ್ರೀಟ್ ಹಾಕಿದ ಮೇಲೂ ನಂಬುವುದಿಲ್ಲ. ಕ್ಯೂಬ್ ಮಾಡಿ 28 ದಿನ ಬಿಟ್ಟು ಒಡೆದು ನೋಡುತ್ತೇವೆ. ಅದರ ಮೇಲೂ ಸುರಕ್ಷತೆಗೆ ಅಂತ ಒಂದಷ್ಟು ಅಂತರ ಬಿಟ್ಟು ಲೆಕ್ಕ ಹಾಕುತ್ತೇವೆ. ಉಮ್ಮತ್ತಿ ಕಾಯಿಗೆ ಗ್ರೇಡ್ ಇಲ್ಲ. ಗಿಡದಿಂದ ಗಿಡಕ್ಕೆ, ಮಣ್ಣಿನಿಂದ ಮಣ್ಣಿಗೆ, ಒಂದೇ ಗಿಡದ ಎಲೆಯಿಂದ ಬೀಜಕ್ಕೆ ವಿಷದ ಪ್ರಮಾಣ ಹಲವು ಪಟ್ಟು ಬದಲಾಗುತ್ತದೆ. ಮತ್ತೇರಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಡಿಮೆ. ‘ನನ್ನ ಸ್ನೇಹಿತ ತಿಂದಿದ್ದ, ಏನೂ ಆಗಲಿಲ್ಲ’ ಅನ್ನುವುದು ಬೇರೆ ಕಟ್ಟಡದ ಕ್ಯೂಬ್ ತೋರಿಸಿ ನಿಮ್ಮ ಮನೆಯ ತಾರಸಿ ಗಟ್ಟಿ ಅಂದ ಹಾಗೆ.

ಜೊತೆಗೆ ಈ ವಿಷ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ನುಂಗಿದ ಬೀಜ ಹೊಟ್ಟೆಯಲ್ಲೇ ಕೂತು ಗಂಟೆಗಟ್ಟಲೆ ವಿಷ ಬಿಡುತ್ತಿರುತ್ತದೆ. ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ ಅಂತ ಇನ್ನಷ್ಟು ತಿನ್ನುವುದು ಇಲ್ಲಿಯ ದೊಡ್ಡ ಬಲೆ.

ತಿಳಿಯದೆ ತಿಂದರೂ ಅದು ಬಿಡುವುದಿಲ್ಲ. 2019ರಲ್ಲಿ ಉಗಾಂಡದ ಕರಮೋಜ ಪ್ರದೇಶದಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಹಂಚಿದ ಪೌಷ್ಟಿಕ ಹಿಟ್ಟಿನಲ್ಲಿ ದತ್ತೂರಿಯ ಅಂಶ ಬೆರೆತು ಸುಮಾರು 300 ಜನ ಅಸ್ವಸ್ಥರಾದರು, ಐವರು ಸತ್ತರು. ಹೊಲದ ಕಳೆ ಧಾನ್ಯದ ಜೊತೆ ಸೇರಿದರೆ ಎಷ್ಟು ದೂರ ಹೋಗಬಹುದು ನೋಡಿ. ನಮ್ಮ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಆರಿಸುವ ತಾಯಂದಿರು, ಮುಳ್ಳು ಕಾಯಿ ಒಡೆದು ಆಡುವ ಮಕ್ಕಳು ಇದನ್ನು ಗುರುತಿಸಲು ಕಲಿತಿರಬೇಕು. ಹಿಂದೆ ದಾರಿಗಳ್ಳರು ಪ್ರಯಾಣಿಕರ ಊಟದಲ್ಲಿ ಇದನ್ನು ಬೆರೆಸಿ, ಪ್ರಜ್ಞೆ ತಪ್ಪಿಸಿ ದೋಚುತ್ತಿದ್ದರು. ನಾರ್ಮನ್ ಚೆವರ್ಸ್ ಎಂಬ ಬ್ರಿಟಿಷ್ ವೈದ್ಯ 1856ರಲ್ಲಿ ಹೊರತಂದ ವೈದ್ಯಕೀಯ ನ್ಯಾಯಶಾಸ್ತ್ರದ ಕೈಪಿಡಿಯಲ್ಲಿ ಇಂಥ ಪ್ರಕರಣಗಳ ವಿವರವಿದೆ. ರೈಲಿನಲ್ಲಿ ಅಪರಿಚಿತರು ಕೊಟ್ಟದ್ದು ತಿನ್ನಬೇಡಿ ಅನ್ನುವ ಮಾತಿನ ಹಿಂದೆ ಅಷ್ಟು ಹಳೆಯ ಕಥೆಯಿದೆ. ಕಳ್ಳರು ಆಯುಧವಾಗಿ ಬಳಸಿದ್ದನ್ನು ನಾವು ಮೋಜಿಗೆ ಅಂತ ನುಂಗುತ್ತಿದ್ದೇವೆ.

ಪರಂಪರೆ ಕೊಟ್ಟಿದ್ದು ಗಿಡವನ್ನಷ್ಟೇ ಅಲ್ಲ

‘ಇದು ನಮ್ಮ ಪರಂಪರೆ’ ಅನ್ನುವ ವಾದ ಬರುತ್ತದೆ. ಪರಂಪರೆಯ ಮೇಲೆ ನನಗೆ ಗೌರವವಿದೆ, ಅದಕ್ಕೇ ಅದರ ಮಾತನ್ನು ಪೂರ್ತಿ ಕೇಳೋಣ. ಆಯುರ್ವೇದ ಉಮ್ಮತ್ತಿಯನ್ನು ‘ಉಪವಿಷ’ಗಳ ಸಾಲಿನಲ್ಲಿ ಇಟ್ಟಿದೆ. ಬೀಜವನ್ನು ಹಾಗೇ ಬಳಸುವ ಮಾತೇ ಇಲ್ಲ. ಹಾಲು, ಗೋಮೂತ್ರದಂಥವುಗಳಲ್ಲಿ ಶೋಧನೆ ಮಾಡಿದ ಮೇಲೆ, ತಿಳಿದ ವೈದ್ಯರು ಅಳೆದು ಕೊಡಬೇಕು. ಇಂದಿನ ಕಾನೂನಿನಲ್ಲೂ ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ ದತ್ತೂರಿ ಬೀಜ, ಭಂಗಿ, ಗುಲಗಂಜಿ ಬೀಜಗಳಂಥವು ವಿಷವಸ್ತುಗಳೆಂದೇ ಇವೆ. ಇವುಗಳನ್ನು ಬಳಸಿ ಮಾಡಿದ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಮುದ್ರಿಸಬೇಕು. ಗುಡಿಯಲ್ಲೂ ಉಮ್ಮತ್ತಿಯನ್ನು ದೇವರಿಗೆ ಏರಿಸುತ್ತೇವೆಯೇ ಹೊರತು ತೀರ್ಥದಲ್ಲಿ ಹಾಕಿ ಹಂಚುವುದಿಲ್ಲ. ವಿಷಕಂಠನಿಗೆ ವಿಷ ಒಪ್ಪಿಸಿ ನಾವು ಕೈ ತೊಳೆದುಕೊಂಡು ಬರಬೇಕು ಅಂತ ಅಜ್ಜಿಯ ಬೂದಿಯ ಪಾಠ ಹೇಳುತ್ತಿತ್ತು. ಪರಂಪರೆ ಗಿಡದ ಜೊತೆ ಕಟ್ಟುಪಾಡನ್ನೂ ಕೊಟ್ಟಿತ್ತು. ರೀಲ್ಸ್ ಕಟ್ಟುಪಾಡನ್ನು ಕತ್ತರಿಸಿ ಗಿಡವನ್ನಷ್ಟೇ ಕೊಟ್ಟಿತು.

ಪರಂಪರೆಯ ಎಲ್ಲವನ್ನೂ ಒಪ್ಪಬೇಕೆಂದೂ ಇಲ್ಲ. ಹುಚ್ಚುನಾಯಿ ಕಚ್ಚಿದರೆ ಉಮ್ಮತ್ತಿ ರಸ ಕುಡಿಸುವ ನಾಟಿ ಪದ್ಧತಿ ದೇಶದ ಅನೇಕ ಕಡೆ ಇತ್ತು, ಕೆಲವೆಡೆ ಇನ್ನೂ ಇದೆ. ರೇಬೀಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಸಾವು ಹೆಚ್ಚುಕಡಿಮೆ ಖಚಿತ. ಗಾಯವನ್ನು 15 ನಿಮಿಷ ಸೋಪು, ನೀರಿನಲ್ಲಿ ತೊಳೆದು ತಕ್ಷಣ ಲಸಿಕೆ ಹಾಕಿಸುವುದೊಂದೇ ದಾರಿ. ರಸದ ನಂಬಿಕೆಯಲ್ಲಿ ಕಳೆದ ದಿನಗಳು ವಾಪಸ್ ಬರುವುದಿಲ್ಲ.

ಇದೇ ಗಿಡಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಬಾರದು. ಉಬ್ಬಸಕ್ಕೆ ಒಣಗಿದ ದತ್ತೂರಿಯ ಹೊಗೆ ಸೇದುವ ಪದ್ಧತಿ ನಮ್ಮ ದೇಶದಲ್ಲಿತ್ತು. 1802ರ ಸುಮಾರಿಗೆ ಮದರಾಸಿನಿಂದ ಅದು ಬ್ರಿಟನ್ನಿಗೆ ಹೋಯಿತು. ಇಂದು ಇನ್‌ಹೇಲರ್‌ನಲ್ಲಿ ಬಳಸುವ ಇಪ್ರಟ್ರೋಪಿಯಂ ಅಟ್ರೋಪಿನ್‌ನಿಂದಲೇ ರೂಪಿಸಿದ ಔಷಧ. ನಮ್ಮ ಸೀಮೆಯ ರೈತರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಬೆಳೆಗೆ ಹೊಡೆಯುವ ಆರ್ಗ್ಯಾನೊಫಾಸ್ಫೇಟ್ ಕೀಟನಾಶಕ ಮೈಗೆ ಹೋದರೆ ಅಸಿಟೈಲ್‌ಕೋಲಿನ್ ಅತಿಯಾಗಿ ಶೇಖರವಾಗುತ್ತದೆ. ಆಗ ಆಸ್ಪತ್ರೆಯಲ್ಲಿ ಜೀವ ಉಳಿಸಲು ಕೊಡುವ ಇಂಜೆಕ್ಷನ್ ಅಟ್ರೋಪಿನ್. ನನ್ನ ಗೆಳೆಯನನ್ನು ಸಾವಿನ ಹತ್ತಿರ ಒಯ್ದ ವಸ್ತುವೇ ಪಕ್ಕದ ಹಾಸಿಗೆಯ ರೈತನನ್ನು ಬದುಕಿಸಬಲ್ಲದು. ನಡುವಿನ ವ್ಯತ್ಯಾಸ ಅಳತೆ, ಶುದ್ಧತೆ ಮತ್ತು ಕೊಡುವವರ ತಿಳಿವಳಿಕೆ.

ಭಂಗಿ, ಗಾಂಜಾದ ಮಾತು

ಉಮ್ಮತ್ತಿಯನ್ನು ಎಲ್ಲರೂ ತಿನ್ನುವುದಿಲ್ಲ, ನಿಜ. ಹಾಸ್ಟೆಲ್‌ಗಳಲ್ಲಿ ಹೆಚ್ಚು ಕೇಳಿಬರುವುದು ಗಾಂಜಾದ ಹೆಸರು. ಇಲ್ಲೂ ಅದೇ ವಾದ: ಶರಣರು, ಅವಧೂತರು, ಆರೂಢರು ಸೇದುತ್ತಿರಲಿಲ್ಲವೇ? ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದವಲ್ಲವೇ? 2020ರಲ್ಲಿ ಪತ್ರಿಕೆಗಳಲ್ಲಿ ಈ ಸಂಗತಿ ಚರ್ಚೆಯಾಗಿತ್ತು. ಜಾತ್ರೆಗೆ ವರ್ಷಕ್ಕೊಮ್ಮೆ, ಗುರುವಿನ ಎದುರು, ಧ್ಯಾನಕ್ಕೆಂದು ಕೂರುವವರ ಲೋಕ ಬೇರೆ. ಸೆಮಿಸ್ಟರ್‌ನ ಒತ್ತಡ ತಡೆಯಲಾರದೆ ದಿನಾ ರಾತ್ರಿ ರೂಮಿನ ಬಾಗಿಲು ಹಾಕಿಕೊಳ್ಳುವ ನಮ್ಮ ಲೋಕ ಬೇರೆ. ಅವರ ಹೆಸರು ಹೇಳಿ ನಮ್ಮ ಚಟಕ್ಕೆ ಕಾವಿ ಹೊದಿಸಬಾರದು. ದೇಹಕ್ಕಂತೂ ಕಾವಿ, ಜೀನ್ಸ್ ಎರಡೂ ಒಂದೇ.

ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ ಸುಮಾರು 45,000 ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಹದಿನೆಂಟರ ಹೊತ್ತಿಗೆ 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಕಾಣಿಸಿಕೊಳ್ಳುವ ಸಂಭವ ಬಳಸದವರಿಗಿಂತ ಆರು ಪಟ್ಟು ಹೆಚ್ಚಿತ್ತು. ಸೇದಿದವರೆಲ್ಲ ಹುಚ್ಚರಾಗುತ್ತಾರೆ ಅಂತ ಇದರ ಅರ್ಥವಲ್ಲ. ಮನೆತನದಲ್ಲಿ ಮಾನಸಿಕ ಕಾಯಿಲೆಯ ಎಳೆ ಇರುವವರಿಗೆ, ಬೆಳೆಯುತ್ತಿರುವ ಮೆದುಳಿಗೆ ಅಪಾಯ ಹೆಚ್ಚು. ಆ ಎಳೆ ಯಾರೊಳಗಿದೆ ಅಂತ ಹಣೆಯ ಮೇಲೆ ಬರೆದಿರುವುದಿಲ್ಲ. ವರ್ಷಗಟ್ಟಲೆ ಸೇದುವ ಕೆಲವರಲ್ಲಿ ನಿಲ್ಲದ ವಾಂತಿಯ ತೊಂದರೆ ಬರುತ್ತದೆ. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಇದನ್ನು ಗುರುತಿಸಿ ಬರೆದರು. ಭಂಗಿ ಕುಡಿದಾಗಲೂ ಅದೇ ಬಲೆ. ಒಂದೆರಡು ಗಂಟೆ ತಡವಾಗಿ ಏರುತ್ತದೆ, ಅಷ್ಟರಲ್ಲಿ ಎರಡನೇ ಲೋಟ ಮುಗಿದಿರುತ್ತದೆ. ಎದೆ ಬಡಿತ, ಸಾಯುತ್ತೇನೆ ಅನ್ನುವ ಭಯ, ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನುವ ಗುಮಾನಿ, ಆಮೇಲೆ ಆಸ್ಪತ್ರೆ.

2019ರಲ್ಲಿ ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆ ಹೇಳಿದ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಂಗಿ ಅಥವಾ ಗಾಂಜಾ ಬಳಸಿದ್ದರು. ಕಾನೂನಿನ ಗೊಂದಲವೂ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೂತುದಿಗಳಿಂದ ಬರುವ ಗಾಂಜಾ ನಿಷಿದ್ಧ, ಬರಿಯ ಎಲೆ ಆ ವ್ಯಾಖ್ಯೆಯಲ್ಲಿಲ್ಲ. ಉಮ್ಮತ್ತಿಯಂತೂ ಆ ಕಾಯ್ದೆಯಲ್ಲೇ ಇಲ್ಲ. ಇದನ್ನು ಕೇಳಿ ‘ಹಾಗಾದರೆ ತೊಂದರೆಯಿಲ್ಲ’ ಅನ್ನುವವರಿದ್ದಾರೆ. ಮೂರರಲ್ಲಿ ಅತಿ ಬೇಗ ಕೊಲ್ಲಬಲ್ಲದ್ದು ಕಾಯ್ದೆಯ ಹೊರಗಿರುವ ಉಮ್ಮತ್ತಿಯೇ. ಕಾನೂನಿನ ಪುಸ್ತಕ ವಿಷದ ಪುಸ್ತಕವಲ್ಲ.

‘ಮದ್ಯ ಮಾತ್ರ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಬಹುದಾ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮದ್ಯ ಹಾಳು ಮಾಡಿದ ಮನೆಗಳು ನಮ್ಮೂರಲ್ಲೇ ಬೇಕಾದಷ್ಟಿವೆ. ಆದರೆ ಒಂದು ವಿಷ ಕಾನೂನುಬದ್ಧ ಅನ್ನುವುದು ಇನ್ನೊಂದನ್ನು ಕುಡಿಯಲು ಕಾರಣವಾಗುವುದಿಲ್ಲ. ವಿದೇಶಗಳಲ್ಲಿ ಅಣಬೆಯ ಸೈಲೊಸೈಬಿನ್‌ನಿಂದ ಖಿನ್ನತೆಗೆ ಚಿಕಿತ್ಸೆಯ ಸಂಶೋಧನೆ ನಡೆಯುತ್ತಿದೆ, ಅದೂ ನಿಜ. ಅಲ್ಲಿ ರೋಗಿಯ ಮನೆತನದ ಚರಿತ್ರೆ ನೋಡಿ, ಶುದ್ಧ ಔಷಧವನ್ನು ಮಿಲಿಗ್ರಾಂನಲ್ಲಿ ಅಳೆದು, ತಜ್ಞರು ಪಕ್ಕದಲ್ಲಿ ಕೂತು ಕೊಡುತ್ತಾರೆ. ಅಮೆಜಾನ್ ಕಾಡಿನ ಅಯಾಹುವಾಸ್ಕ ಕಷಾಯ ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಪ್ರಾಣಾಪಾಯ ತರಬಹುದು, ಆಫ್ರಿಕಾದ ಇಬೋಗ ಹೃದಯದ ಲಯ ತಪ್ಪಿಸಿ ಸಾವು ತಂದಿದೆ. ಬಂಡೆಯ ಮೇಲೆ ಕೂತು ಕಾಯಿ ಒಡೆಯುವುದಕ್ಕೆ ಆ ಸಂಶೋಧನೆಯ ಹೆಸರು ಸಾಲ ಪಡೆಯುವುದು ಸರಿಯಲ್ಲ.

ಭಯವೇ ದೊಡ್ಡ ವಿಷ

ಈಗ ನನ್ನ ಸುಳ್ಳಿಗೆ ವಾಪಸ್ ಬರುತ್ತೇನೆ. ಡಿಸ್ಚಾರ್ಜ್ ದಿನ ಡಾಕ್ಟರ್ ನನ್ನನ್ನು ಬೈಯಲಿಲ್ಲ. ಒಂದು ವಿಷಯ ಮಾತ್ರ ತಿಳಿಸಿದರು: ಗಲಾಟೆ ಮಾಡುವ ರೋಗಿಯನ್ನು ಸುಮ್ಮನಾಗಿಸಲು ಕೊಡುವ ಕೆಲವು ಔಷಧಗಳಿಗೂ ಉಮ್ಮತ್ತಿಯ ಗುಣವೇ ಇರುತ್ತದೆ. ತಿಳಿಯದೆ ಕೊಟ್ಟಿದ್ದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಆಗುತ್ತಿತ್ತು. ಗೆಳೆಯನನ್ನು ಉಳಿಸುತ್ತಿದ್ದೇನೆ ಅಂದುಕೊಂಡು ನಾನು ಹೇಳಿದ ಮಾತು ಅವನನ್ನೇ ಕೊಲ್ಲಬಹುದಿತ್ತು.

ನಾನೇಕೆ ಸುಳ್ಳು ಹೇಳಿದೆ? ಒಂದು ಕಾರಣ ನನ್ನ ಪುಕ್ಕಲುತನ. ಇನ್ನೊಂದು, ನಮಗೆ ಕಲಿಸಿರುವ ರೀತಿ. ಪ್ರತಿ ಜೂನ್ 26ರಂದು ಕಾಲೇಜಿನಲ್ಲಿ ಸಾಲಾಗಿ ನಿಂತು ಮಾದಕವಸ್ತು ವಿರೋಧಿ ಪ್ರತಿಜ್ಞೆ ಮಾಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ‘ಸಿಕ್ಕಿಬಿದ್ದರೆ ಡಿಬಾರ್’ ಅನ್ನುವುದು ಎಲ್ಲರಿಗೂ ಗೊತ್ತು. ಸ್ನೇಹಿತ ಕುಸಿದು ಬಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಶಿಕ್ಷೆಯ ಭಯ ಗಾಂಜಾ ಸೇದುವುದನ್ನು ಎಷ್ಟು ತಡೆದಿದೆಯೋ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ನಿಜ ಹೇಳುವುದನ್ನಂತೂ ತಡೆದದ್ದನ್ನು ನಾನೇ ಕಂಡೆ.

ಅದಕ್ಕೇ ನನ್ನ ಬೇಡಿಕೆ ಸಣ್ಣದು. ಕಾಲೇಜುಗಳು ಮೊದಲ ಸೆಮಿಸ್ಟರ್‌ನಲ್ಲೇ ಒಬ್ಬ ವೈದ್ಯರನ್ನು ಕರೆಸಿ, ಪ್ರತಿಜ್ಞೆಯ ಬದಲು ಲಕ್ಷಣಗಳನ್ನು ಕಲಿಸಲಿ. ಸ್ನೇಹಿತನನ್ನು ಆಸ್ಪತ್ರೆಗೆ ತಂದು ನಿಜ ಹೇಳಿದ ವಿದ್ಯಾರ್ಥಿಗೆ ಅದೇ ಕಾರಣಕ್ಕೆ ಶಿಕ್ಷೆಯಿಲ್ಲ ಅಂತ ಬರವಣಿಗೆಯಲ್ಲಿ ಹೇಳಲಿ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಂ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ದೇಶದ ಕಾನೂನಿಗಿರುವಷ್ಟು ಕರುಣೆ ಕಾಲೇಜಿನ ನೋಟಿಸ್ ಬೋರ್ಡಿಗೂ ಇರಲಿ. ನಮ್ಮ ಹಳ್ಳಿ ಶಾಲೆಗಳಲ್ಲಿ ಉಮ್ಮತ್ತಿ ಗಿಡವನ್ನೇ ತೋರಿಸಿ ಅಜ್ಜಿಯ ಮಾತು ಹೇಳಿಕೊಡಲಿ.

ನಿಮಗೂ ಕೆಲವು ಮಾತು. ಬಾಯಿ ಒಣಗಿ, ಮೈ ಬೆವರದೆ ಕಾದು, ಪಾಪೆ ಅಗಲವಾಗಿ, ಮಾತು ತಪ್ಪುತ್ತಿದ್ದರೆ ಅದು ದೆವ್ವವಲ್ಲ. ವಾಂತಿ ಮಾಡಿಸಲು ಹೋಗಬೇಡಿ, ಮಜ್ಜಿಗೆ, ನಿಂಬೆರಸ ಅಂತ ಬಾಯಿಗೆ ಹೊಯ್ಯಬೇಡಿ. ಪ್ರಜ್ಞೆ ಸರಿಯಿಲ್ಲದವನಿಗೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಒಬ್ಬನನ್ನೇ ಬಿಡಬೇಡಿ. 108ಕ್ಕೆ ಕರೆ ಮಾಡಿ. ತಿಂದ ಕಾಯಿ, ಬೀಜ, ಪೊಟ್ಟಣ ಏನಿದ್ದರೂ ಜೊತೆಗೆ ಒಯ್ಯಿರಿ. ವಿಷದ ಬಗ್ಗೆ ಮಾಹಿತಿಗೆ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಇದೆ. ಬಿಡಲಾಗದ ಚಟಕ್ಕೆ 14446, ಮನಸ್ಸು ಭಾರವಾದಾಗ ಟೆಲಿ ಮಾನಸ್‌ನ 14416. ಎಲ್ಲಕ್ಕಿಂತ ಮೊದಲು, ಡಾಕ್ಟರ್ ಕೇಳಿದಾಗ ನಿಜ ಹೇಳಿ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಪ್ರೈಮರಿ ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ನೋಡಿದ್ದೆ. ತಂದೆ ತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯವನ್ನೇ ನುಡಿಯಿರಿ ಅನ್ನುವ ಅರ್ಥದ ಮಾತುಗಳು ಸುಮಾರು 2,200 ವರ್ಷಗಳಿಂದ ಆ ಬಂಡೆಯ ಮೇಲಿವೆ ಅಂತ ಮೇಷ್ಟ್ರು ಹೇಳಿದ್ದರು. ಪರೀಕ್ಷೆಗೆ ಬರುತ್ತದೆ ಅಂತ ಬರೆದುಕೊಂಡಿದ್ದೆ. ನಿಜವಾದ ಪರೀಕ್ಷೆ ಬಂದದ್ದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ಅಲ್ಲಿ ನಾನು ಫೇಲಾದೆ. ವರಾಂಡದಲ್ಲಿ ಆ ನರ್ಸಕ್ಕ ಇನ್ನೊಂದು ಅವಕಾಶ ಕೊಟ್ಟರು.

ನನ್ನ ಗೆಳೆಯ ಈಗ ಮತ್ತೆ ಓದುತ್ತಿದ್ದಾನೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ. ಗುಡಿಯ ಹಿಂದಿನ ಗಿಡ ಅಲ್ಲೇ ಇದೆ, ಈ ಸಲವೂ ಹೂ ಬಿಟ್ಟಿದೆ. ಬರುವ ಶಿವರಾತ್ರಿಗೆ ಹೂ ಕೀಳಲು ನಾನೇ ಹೋಗುತ್ತೇನೆ. ಬಂದ ಕೂಡಲೇ ಬೂದಿ ಹಚ್ಚಿ ಕೈ ತೊಳೆಯುತ್ತೇನೆ.